ಮುಪ್ಪಿನ ಸಿಪಾಯಿಗೆ ಎರಡು ಕೊಡೆಗಳು

ಮಳೆಗಾಲವು ಬರುವುದಕ್ಕೆ ಮುಂಚೆ ಮನೆಯಲ್ಲಿರುವ ಕೊಡೆಯನ್ನು ಬಿಚ್ಚಿ ನೋಡುವುದು ಬುದ್ಧಿವಂತನಾದ ಗೃಹಸ್ಥನ ಲಕ್ಷಣ. ಬಟ್ಟೆ ಗಟ್ಟಿಯಾಗಿದೆಯೋ, ಕಡ್ಡಿಗಳು ನೆಟ್ಟಗಿವೆಯೋ ಎಂದು ನೋಡದೆ, ಅಂಗಡಿಯಲ್ಲಿ ಹೊಸದು ತೂಗಾಡುತ್ತಿದೆಯೆಂಬ ಒಂದೇ ಕಾರಣಕ್ಕೆ ಹಳೆಯದನ್ನು ಬಿಸುಟು ಬಂದವನು ನಡುದಾರಿಯಲ್ಲಿ ನೆನೆಯುವನು. ಕೊಡೆಯೇ ಇಲ್ಲದೆ ಹೊರಟವನೂ ನೆನೆಯುವನು. ಮುಪ್ಪಿನಲ್ಲಿ ಬರತಕ್ಕ ಕಾಯಿಲೆಯ ವಿಷಯವೂ ಹೀಗೆಯೇ. ಸರ್ಕಾರದವರು ವೃದ್ಧರಿಗೆ ಒಂದಲ್ಲ, ಎರಡು ಆಶ್ರಯಗಳನ್ನು ಏರ್ಪಡಿಸಿರುವ ಈ ಕಾಲದಲ್ಲಿ, ಯಾವುದು ಯಾರಿಗೆ ಸಲ್ಲುವುದೆಂಬ ತಿಳಿವಳಿಕೆಯಿಲ್ಲದೆ ಎರಡನ್ನೂ ಕಳೆದುಕೊಳ್ಳುವ ಅಪಾಯವಿದೆ. ಮುಖ್ಯವಾಗಿ ಮಾಜಿ ಸೈನಿಕರ ಮನೆಗಳವರು ಈ ವಿಚಾರವನ್ನು ನಿಧಾನವಾಗಿ ಆಲೋಚಿಸಬೇಕಾಗಿದೆ.

ನಮ್ಮ ನೆರೆಮನೆಯಲ್ಲಿ ಈಚೆಗೆ ನಡೆದ ಒಂದು ಸಂಗತಿಯೇ ಈ ಲೇಖನಕ್ಕೆ ಕಾರಣ. ಆ ಮನೆಯ ಯಜಮಾನರು ಸೈನ್ಯದಲ್ಲಿ ಹವಾಲ್ದಾರರಾಗಿದ್ದು ಪಿಂಚಣಿ ಪಡೆದು ಊರಿಗೆ ಬಂದವರು. 1971ರ ಯುದ್ಧದ ಕಾಲಕ್ಕೆ ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗರು. ಈಗ ಎಪ್ಪತ್ತನ್ನು ದಾಟಿ ಕೆಲವು ವರ್ಷಗಳಾಗಿವೆ. ಒಂದು ಸಂಜೆ ಅವರ ಮೊಮ್ಮಗನು ಮೊಬೈಲನ್ನು ಹಿಡಿದು ಬಂದು, “ತಾತ, ಎಪ್ಪತ್ತು ತುಂಬಿದವರಿಗೆಲ್ಲ ಐದು ಲಕ್ಷದ ಕಾರ್ಡು ಕೊಡುತ್ತಾರಂತೆ. ನಿಮ್ಮ ಆಧಾರ್ ಕೊಡಿ, ಈಗಲೇ ಮಾಡಿಬಿಡುತ್ತೇನೆ” ಎಂದನು. ಹವಾಲ್ದಾರರು ಸಂತೋಷದಿಂದ ಕಾರ್ಡನ್ನು ಹುಡುಕಲು ಎದ್ದರು. ಒಳಗೆ ಅಕ್ಕಿ ಆರಿಸುತ್ತಿದ್ದ ಅವರ ಪತ್ನಿ ತಲೆಯೆತ್ತಿ, “ಹೊಸ ಕಾರ್ಡು ಬಂದಮೇಲೆ ನನ್ನ ತಿಂಗಳ ಸಕ್ಕರೆ ಮಾತ್ರೆ ಎಲ್ಲಿ ಸಿಗುತ್ತದೆ, ಅದನ್ನು ಮೊದಲು ಕೇಳಪ್ಪ” ಎಂದರು. ಆಕೆಗೆ ಅರುವತ್ತನಾಲ್ಕು ವರ್ಷ. ಮೊಮ್ಮಗನಲ್ಲಿ ಉತ್ತರವಿರಲಿಲ್ಲ, ತಾತನಲ್ಲಿಯೂ ಇರಲಿಲ್ಲ. ಗೋಡೆಯಾಚೆಗೆ ಕೂಗಿ ನಮ್ಮನ್ನು ಕರೆದರು.

ಆ ತಾಯಿ ಕೇಳಿದ ಪ್ರಶ್ನೆ ಒಂದು ಮನೆಯ ಪ್ರಶ್ನೆಯಲ್ಲ. 1971ರಲ್ಲಿ ಹದಿನೆಂಟು ವರ್ಷದವನಾಗಿ ಬಂದೂಕು ಹಿಡಿದವನು ಹುಟ್ಟಿದ್ದು 1953ರಲ್ಲಿ. ಎಂದಮೇಲೆ ಆ ಯುದ್ಧದಲ್ಲಿ ಹೋರಾಡಿ ಬದುಕಿರುವ ಪ್ರತಿಯೊಬ್ಬ ಯೋಧನೂ ಈಗ ಎಪ್ಪತ್ತನ್ನು ದಾಟಿದವನೇ. ಕಾರ್ಯಪ್ಪನವರನ್ನೂ ತಿಮ್ಮಯ್ಯನವರನ್ನೂ ಕೊಟ್ಟ ಕೊಡಗಿನಲ್ಲಿ, ಬೆಳಗಾವಿಯ ಸೀಮೆಯಲ್ಲಿ, ಹಾಸನ ಧಾರವಾಡಗಳ ಕಡೆಯ ಹಳ್ಳಿಗಳಲ್ಲಿ ಇಂತಹ ವೃದ್ಧರು ಅನೇಕರಿರುವರು. ಅವರ ಮುಂದೆಲ್ಲ ಇದೇ ಪ್ರಶ್ನೆ ಇದೆ: ಸೈನಿಕನಾಗಿ ದುಡಿದುದಕ್ಕೆ ದೊರೆತ ಆಶ್ರಯ ಒಂದು, ವೃದ್ಧನಾದುದಕ್ಕೆ ದೊರೆಯತಕ್ಕ ಆಶ್ರಯ ಇನ್ನೊಂದು, ಎರಡನ್ನೂ ಕೂಡಿಸಿಕೊಳ್ಳಬಹುದೆ?

ಮೊದಲು ಹಳೆಯ ಕೊಡೆಯನ್ನು ಬಿಚ್ಚಿ ನೋಡೋಣ.

2003ಕ್ಕೆ ಹಿಂದೆ, ನಿವೃತ್ತನಾದ ಸೈನಿಕನಿಗೆ ಕಾಯಿಲೆಯಾದರೆ ಸೈನ್ಯದ ಆಸ್ಪತ್ರೆಗಳೇ ಗತಿಯಾಗಿದ್ದುವು. ಅಲ್ಲಿ ಮೊದಲ ಹಕ್ಕು ಸೇವೆಯಲ್ಲಿರುವವರದು, ಸ್ಥಳವಿದ್ದರೆ ನಿವೃತ್ತರಿಗೆ. ಆ ಆಸ್ಪತ್ರೆಗಳಾದರೂ ಇರುವುದು ದಂಡಿನ ಪ್ರದೇಶಗಳಲ್ಲಿ. ಮಲೆನಾಡಿನ ಮೂಲೆಯಲ್ಲಿರುವ ವೃದ್ಧನು ಎದೆನೋವೆಂದು ಬೆಂಗಳೂರಿಗೋ ಬೆಳಗಾವಿಗೋ ಹೋಗಿ ಸೇರುವಷ್ಟರಲ್ಲಿ ಆಗಬಾರದುದು ಆಗಿಹೋಗುತ್ತಿತ್ತು. ಈ ಕೊರತೆಯನ್ನು ತುಂಬುವುದಕ್ಕಾಗಿ ಕೇಂದ್ರ ಸರ್ಕಾರವು 2003ನೆಯ ಇಸವಿ ಏಪ್ರಿಲ್ 1ರಿಂದ ಮಾಜಿ ಸೈನಿಕರ ವಂತಿಗೆಯ ಆರೋಗ್ಯ ಯೋಜನೆಯನ್ನು ಆರಂಭಿಸಿತು. ಇ.ಸಿ.ಎಚ್.ಎಸ್. ಎಂಬ ಅಕ್ಷರಗಳಿಂದಲೇ ಇದು ಎಲ್ಲರಿಗೂ ಪರಿಚಿತ.

ಪಿಂಚಣಿ ಪಡೆಯುತ್ತಿರುವ ಮಾಜಿ ಸೈನಿಕರೂ, ಕುಟುಂಬ ಪಿಂಚಣಿ ಪಡೆಯುತ್ತಿರುವ ವಿಧವೆಯರೂ ಇದರ ಸದಸ್ಯರಾಗಬಹುದು. ಸದಸ್ಯನ ಜೊತೆಗೆ ಅವನ ಪತ್ನಿಯೂ, ಇಪ್ಪತ್ತೈದು ತುಂಬದ ಮತ್ತು ಉದ್ಯೋಗವಿಲ್ಲದ ಗಂಡುಮಕ್ಕಳೂ, ಮದುವೆಯಾಗದ ಹೆಣ್ಣುಮಕ್ಕಳೂ, ಅಲ್ಪ ಆದಾಯದ ಅವಲಂಬಿತ ತಂದೆತಾಯಿಗಳೂ ಇದರ ನೆರಳಿಗೆ ಬರುವರು. ಅಂಗವಿಕಲನಾದ ಮಗುವಿದ್ದರೆ ಅದಕ್ಕೆ ವಯಸ್ಸಿನ ಮಿತಿಯಿಲ್ಲ. ಸೇರುವುದಕ್ಕೆ ವಯಸ್ಸಿನ ಅಡ್ಡಿಯಿಲ್ಲ. ಹಿಂದಿನಿಂದ ಇದ್ದ ರೋಗವೆಂದು ಯಾರನ್ನೂ ಹೊರಗಿಡುವುದೂ ಇಲ್ಲ. ತಂದೆತಾಯಿಗಳ ವಿಷಯದಲ್ಲಿ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕು: ಸೈನಿಕನ ತಂದೆತಾಯಿಗಳಿಗೆ ಈ ಹಕ್ಕುಂಟು, ಅವನ ಅತ್ತೆಮಾವಂದಿರಿಗೆ ಇಲ್ಲ.

ಹೆಸರೇ ಹೇಳುವಂತೆ ಇದು ವಂತಿಗೆಯ ಯೋಜನೆ. ಸೇರುವಾಗ ಒಮ್ಮೆ ಹಣ ಕೊಟ್ಟರೆ ಬಾಳು ಮುಗಿಯುವತನಕ ಮತ್ತೆ ಕೊಡಬೇಕಾಗಿಲ್ಲ. 2017ರ ಡಿಸೆಂಬರಿನಲ್ಲಿ ಗೊತ್ತುಮಾಡಿದ ದರದಂತೆ ಹವಾಲ್ದಾರನವರೆಗಿನ ದರ್ಜೆಯವರಿಗೆ 30,000 ರೂಪಾಯಿ, ಸುಬೇದಾರ್ ವರ್ಗದವರಿಗೆ 67,000 ರೂಪಾಯಿ, ಅಧಿಕಾರಿಗಳಿಗೆ 1,20,000 ರೂಪಾಯಿ. ಆದರೆ 1996ನೆಯ ಇಸವಿ ಜನವರಿ 1ಕ್ಕೆ ಹಿಂದೆ ನಿವೃತ್ತರಾದವರಿಗೂ, ಯುದ್ಧದಲ್ಲಿ ಮಡಿದವರ ವಿಧವೆಯರಿಗೂ ಈ ವಂತಿಗೆಯನ್ನು ಮನ್ನಾ ಮಾಡಲಾಗಿದೆ. 1971ರ ಸಿಪಾಯಿಗಳಲ್ಲಿ ಬಹುಮಂದಿ 1996ಕ್ಕೆ ಮೊದಲೇ ಸಮವಸ್ತ್ರವನ್ನು ಕಳಚಿಟ್ಟವರು. ಅವರು ಒಂದು ಕಾಸನ್ನೂ ಕೊಡದೆ ಈ ಆಶ್ರಯಕ್ಕೆ ಅರ್ಹರು. ಇದನ್ನರಿಯದೆ, “ಅಷ್ಟು ದುಡ್ಡು ನಮ್ಮಿಂದಾಗದು” ಎಂದು ಹಿಂದುಳಿದ ವೃದ್ಧರು ಯಾರಾದರೂ ವಾಚಕರ ಊರಿನಲ್ಲಿದ್ದರೆ, ಈ ಒಂದು ಸಂಗತಿಯನ್ನು ಅವರಿಗೆ ತಿಳಿಸುವುದೇ ದೊಡ್ಡ ಉಪಕಾರ.

ಈ ಯೋಜನೆ ನಡೆಯುವ ರೀತಿ ಹೀಗೆ. ದೇಶದ ನಾನಾ ಊರುಗಳಲ್ಲಿ ಪಾಲಿಕ್ಲಿನಿಕ್ ಎಂಬ ಚಿಕಿತ್ಸಾಲಯಗಳಿವೆ. ರೋಗಿಯು ಮೊದಲು ಅಲ್ಲಿಗೆ ಹೋಗಬೇಕು. ವೈದ್ಯರು ಪರೀಕ್ಷಿಸಿ ಅಲ್ಲಿಯೇ ಔಷಧವನ್ನು ಕೊಡುವರು. ಸಕ್ಕರೆ, ರಕ್ತದ ಒತ್ತಡ ಮೊದಲಾದ ಬಹುಕಾಲದ ವ್ಯಾಧಿಗಳಿಗೆ ಕ್ರಮವಾಗಿ ಮಾತ್ರೆಗಳು ಅಲ್ಲಿಂದಲೇ ದೊರೆಯತಕ್ಕವು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಸೈನ್ಯದ ಆಸ್ಪತ್ರೆಗೋ, ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡಿರುವ ಖಾಸಗಿ ಆಸ್ಪತ್ರೆಗೋ ಚೀಟಿ ಬರೆದು ಕಳುಹಿಸುವರು. ಅಲ್ಲಿ ರೋಗಿಯು ಹಣ ಕಟ್ಟಬೇಕಾಗಿಲ್ಲ. ವರ್ಷಕ್ಕೆ ಇಂತಿಷ್ಟೇ ಎಂಬ ಮೇರೆಯೂ ಇಲ್ಲ. ಪ್ರಾಣಾಪಾಯದ ಸಮಯದಲ್ಲಿ ಚೀಟಿಗಾಗಿ ಕಾಯಬೇಕಾಗಿಲ್ಲ. ಹತ್ತಿರದ ಯಾವ ಆಸ್ಪತ್ರೆಗಾದರೂ ಹೋಗಬಹುದು. ಒಪ್ಪಂದವಿಲ್ಲದ ಆಸ್ಪತ್ರೆಯಾಗಿದ್ದರೆ 48 ಗಂಟೆಗಳೊಳಗೆ ಪಾಲಿಕ್ಲಿನಿಕ್ಕಿಗೆ ತಿಳಿಸಿ, ಕೈಯಿಂದ ಕೊಟ್ಟ ಹಣವನ್ನು ನಿಗದಿಯಾದ ದರದಂತೆ ಹಿಂದಕ್ಕೆ ಪಡೆಯಬಹುದು. ಆಸ್ಪತ್ರೆಯ ಬಿಲ್ಲಿಗೂ ಆ ದರಕ್ಕೂ ಅಂತರವಿದ್ದರೆ ಆ ಅಂತರ ಮನೆಯವರ ಮೇಲೆಯೇ ಬೀಳುವುದೆಂಬುದನ್ನೂ ಮರೆಯಬಾರದು.

ಹಳೆಯ ಕೊಡೆಯಲ್ಲಿ ತೂತುಗಳಿಲ್ಲವೆಂದು ನಾವು ಹೇಳುವುದಿಲ್ಲ. ಪಾಲಿಕ್ಲಿನಿಕ್ ಎಲ್ಲ ಊರುಗಳಲ್ಲಿಯೂ ಇಲ್ಲ. ನಮ್ಮ ನೆರೆಯ ಹವಾಲ್ದಾರರು ಬಸ್ಸಿನಲ್ಲಿ ಒಂದೂವರೆ ಗಂಟೆ ಪ್ರಯಾಣ ಮಾಡಿ, ಸಾಲಿನಲ್ಲಿ ನಿಂತು, ಕೆಲವು ಸಾರಿ ಒಂದೆರಡು ಮಾತ್ರೆಗಳಿಲ್ಲದೆಯೇ ಹಿಂದಿರುಗುವುದುಂಟು. “ಗಡಿಯಲ್ಲಿ ಕಾದ ಹಾಗೆ ಇಲ್ಲಿಯೂ ಕಾಯುತ್ತೇನೆ” ಎಂದು ಅವರು ನಗುವರು. ಇಂತಹ ತೊಂದರೆಯನ್ನು ಕಂಡೇ ಮೊಮ್ಮಕ್ಕಳಿಗೆ ಹೊಸ ಕಾರ್ಡಿನ ಮೇಲೆ ಆಸೆ ಹುಟ್ಟುವುದು.

ಈಗ ಆ ಹೊಸ ಕೊಡೆಯನ್ನು ನೋಡೋಣ.

2018ನೆಯ ಇಸವಿ ಸೆಪ್ಟೆಂಬರ್ 23ರಂದು ಆಯುಷ್ಮಾನ್ ಭಾರತ ಪ್ರಧಾನಮಂತ್ರಿ ಜನಾರೋಗ್ಯ ಯೋಜನೆಯು ಆರಂಭವಾಯಿತು. ಬಡ ಕುಟುಂಬಗಳಿಗೆ ಆಸ್ಪತ್ರೆಯ ವೆಚ್ಚಕ್ಕಾಗಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ರಕ್ಷಣೆ ಕೊಡುವುದು ಅದರ ಉದ್ದೇಶ. 2024ರ ಸೆಪ್ಟೆಂಬರ್ 11ರಂದು ಕೇಂದ್ರ ಮಂತ್ರಿಮಂಡಲವು ಈ ಯೋಜನೆಯನ್ನು, ಬಡವ ಬಲ್ಲಿದನೆಂಬ ಭೇದವಿಲ್ಲದೆ, 70 ವರ್ಷ ತುಂಬಿದ ಎಲ್ಲರಿಗೂ ವಿಸ್ತರಿಸಲು ಒಪ್ಪಿತು. ಅದೇ ವರ್ಷ ಅಕ್ಟೋಬರ್ 29ರಂದು ಅದು ಜಾರಿಗೆ ಬಂದಿತು. ಈ ವೃದ್ಧರಿಗೆ ಕೊಡುವ ಪತ್ರಕ್ಕೆ ಆಯುಷ್ಮಾನ್ ವಯ ವಂದನಾ ಕಾರ್ಡು ಎಂದು ಹೆಸರು. ಆದಾಯದ ಪತ್ರ ಬೇಕಿಲ್ಲ. ಆಧಾರಿನಲ್ಲಿ ವಯಸ್ಸು ಎಪ್ಪತ್ತು ತುಂಬಿದ್ದರೆ ಸಾಕು.

ಇದು ಒಳ್ಳೆಯ ಏರ್ಪಾಡೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದು ಏನನ್ನು ಕೊಡುವುದು, ಏನನ್ನು ಕೊಡುವುದಿಲ್ಲ ಎಂಬುದನ್ನು ಗಮನಿಸಬೇಕು. ಇದು ಆಸ್ಪತ್ರೆಯಲ್ಲಿ ಸೇರಿಸಿಕೊಂಡು ಮಾಡುವ ಚಿಕಿತ್ಸೆಗಾಗಿ ಇರುವುದು. ಸೇರುವುದಕ್ಕೆ ಮುಂಚಿನ 3 ದಿನಗಳ ಪರೀಕ್ಷೆಗಳೂ, ಬಿಡುಗಡೆಯಾದ ಮೇಲೆ 15 ದಿನಗಳ ಔಷಧವೂ ಇದರಲ್ಲಿ ಸೇರಿವೆ. ಹೊರರೋಗಿಯಾಗಿ ಹೋಗಿ ವೈದ್ಯರಿಗೆ ತೋರಿಸಿ ಬರುವುದಕ್ಕೂ, ತಿಂಗಳು ತಿಂಗಳಿನ ಮಾತ್ರೆಗಳಿಗೂ ಇದು ಹಣ ಕೊಡುವುದಿಲ್ಲ. 5 ಲಕ್ಷವೆಂಬುದು ಕುಟುಂಬದ ಲೆಕ್ಕ. ಗಂಡಹೆಂಡಿರಿಬ್ಬರೂ ಎಪ್ಪತ್ತು ದಾಟಿದ್ದರೆ ಅದನ್ನು ಇಬ್ಬರೂ ಹಂಚಿಕೊಳ್ಳಬೇಕು. ಎಪ್ಪತ್ತು ತುಂಬದ ಪತ್ನಿಗೆ ಗಂಡನ ವಯ ವಂದನಾ ಕಾರ್ಡಿನಿಂದ ಏನೂ ಇಲ್ಲ. ಯೋಜನೆಗೆ ಸೇರದ ಆಸ್ಪತ್ರೆಗೆ ಹೋಗಿ ಹಣ ಕಟ್ಟಿ ಬಂದರೆ ಅದನ್ನು ಹಿಂದಕ್ಕೆ ಕೊಡುವ ಕ್ರಮವೂ ಇಲ್ಲ.

ಇನ್ನು ಮುಖ್ಯವಾದ ಪ್ರಶ್ನೆ. ಎರಡನ್ನೂ ಹಿಡಿಯಬಹುದೆ? ಈ ವಿಷಯದಲ್ಲಿ ಸರ್ಕಾರದ ಮಾತು ಸ್ಪಷ್ಟವಾಗಿದೆ. ಖಾಸಗಿ ಕಂಪೆನಿಯ ಆರೋಗ್ಯ ವಿಮೆಯುಳ್ಳವರೂ, ಕಾರ್ಮಿಕರ ರಾಜ್ಯ ವಿಮೆಗೆ ಸೇರಿದವರೂ ವಯ ವಂದನಾ ಕಾರ್ಡನ್ನು ಜೊತೆಗೇ ಪಡೆಯಬಹುದು. ಆದರೆ ಕೇಂದ್ರ ಸರ್ಕಾರದ ನೌಕರರ ಆರೋಗ್ಯ ಯೋಜನೆ, ಮಾಜಿ ಸೈನಿಕರ ಇ.ಸಿ.ಎಚ್.ಎಸ್., ಅರೆಸೇನಾ ಪಡೆಗಳವರ ಆಯುಷ್ಮಾನ್ ಯೋಜನೆ ಇವುಗಳಲ್ಲಿ ಇರುವವರು, ಇರುವುದನ್ನೇ ಉಳಿಸಿಕೊಳ್ಳಬೇಕು, ಇಲ್ಲವೆ ಹೊಸದನ್ನು ಆರಿಸಿಕೊಳ್ಳಬೇಕು. ಒಬ್ಬ ವ್ಯಕ್ತಿಗೆ ಎರಡು ಸಲ್ಲವು. ಇಂದು ಇದು, ನಾಳೆ ಅದು ಎಂದು ಬಾರಿಬಾರಿಗೂ ಬದಲಿಸಿಕೊಳ್ಳಬಹುದೆಂಬ ಭರವಸೆಯಿಂದ ಯಾರೂ ಆರಿಸಬಾರದು. ಜೀವನದಲ್ಲಿ ಒಮ್ಮೆ ಮಾಡುವ ತೀರ್ಮಾನವೆಂದೇ ತಿಳಿದು ಯೋಚಿಸಬೇಕು.

ಯೋಚಿಸುವುದೆಂದರೆ ಹೇಗೆ? ನಮ್ಮ ಹವಾಲ್ದಾರರ ಜಗುಲಿಯಲ್ಲಿ ಕುಳಿತು ನಾವು ಮಾಡಿದ ಲೆಕ್ಕವನ್ನೇ ಇಲ್ಲಿ ಹೇಳುವೆವು. ಮೊದಲನೆಯದು ಪ್ರತಿತಿಂಗಳ ಔಷಧ. ಮುಪ್ಪಿನಲ್ಲಿ ಆಸ್ಪತ್ರೆ ಸೇರುವ ದಿನಗಳು ಕೆಲವೇ. ಮಾತ್ರೆ ನುಂಗುವ ದಿನಗಳು ವರ್ಷದ ಮುನ್ನೂರರುವತ್ತೈದು. ಹಳೆಯ ಯೋಜನೆಯು ಆ ಎಲ್ಲ ದಿನಗಳಿಗೂ ಆಗುವುದು. ಹೊಸದು ಆಸ್ಪತ್ರೆಯ ದಿನಗಳಿಗೆ ಮಾತ್ರ. ಎರಡನೆಯದು ಪತ್ನಿಯ ವಯಸ್ಸು. ಆಕೆಗೆ ಎಪ್ಪತ್ತು ತುಂಬಲು ಇನ್ನೂ ಆರು ವರ್ಷಗಳಿವೆ. ಮೂಲಸದಸ್ಯನೇ ಹಳೆಯದನ್ನು ಬಿಟ್ಟುಹೋದರೆ ಅವಲಂಬಿತಳ ಗತಿ ಏನೆಂಬುದನ್ನು ಪಾಲಿಕ್ಲಿನಿಕ್ಕಿನಲ್ಲಿ ಕೇಳಿ, ಬರೆಹದಲ್ಲಿ ಉತ್ತರ ಪಡೆಯದೆ ಹೆಜ್ಜೆಯಿಡುವುದು ಅವಿವೇಕ. ಮೂರನೆಯದು ದೊಡ್ಡ ರೋಗ. ಕ್ಯಾನ್ಸರಿನಂತಹ ವ್ಯಾಧಿ ಬಂದರೆ ಒಂದು ವರ್ಷದ ಖರ್ಚು 5 ಲಕ್ಷವನ್ನು ಮೀರುವುದು ಅಪರೂಪವಲ್ಲ. ಹಳೆಯ ಯೋಜನೆಗೆ ಆ ಮೇರೆಯಿಲ್ಲ. ನಾಲ್ಕನೆಯದು ಹತ್ತಿರದ ಆಸ್ಪತ್ರೆ. ಹೊಸ ಯೋಜನೆಗೆ ಸೇರಿದ ಆಸ್ಪತ್ರೆ ಊರಿನಲ್ಲಿಯೇ ಇದ್ದು, ಹಳೆಯದರ ಪಾಲಿಕ್ಲಿನಿಕ್ ಬಹು ದೂರವಿದ್ದರೆ, ಒಂಟಿಯಾಗಿರುವ ವೃದ್ಧನಿಗೆ ಹೊಸದೇ ಮೇಲೆನಿಸಬಹುದು. ಈ ನಾಲ್ಕರಲ್ಲಿ ಮೂರು ಹಳೆಯದರ ಕಡೆಗೂ, ಒಂದು ಹೊಸದರ ಕಡೆಗೂ ತೂಗಿದುವು. ಎಲ್ಲರ ಮನೆಯ ತಕ್ಕಡಿಯೂ ಹೀಗೆಯೇ ತೂಗಬೇಕೆಂದಿಲ್ಲ. ಆದರೆ ತಕ್ಕಡಿಯನ್ನು ಎತ್ತದೆ ಸರಕನ್ನು ಬದಲಿಸಬಾರದು.

ಹಾಗಾದರೆ ಹೊಸ ಕಾರ್ಡು ಸೈನಿಕರ ಮನೆಗಳಿಗೆ ನಿಷ್ಪ್ರಯೋಜಕವೆ? ಎಂದಿಗೂ ಅಲ್ಲ. ಸೈನ್ಯದಲ್ಲಿ ದುಡಿದವರೆಲ್ಲರಿಗೂ ಪಿಂಚಣಿ ಇಲ್ಲ. ಸಾಮಾನ್ಯ ಸಿಪಾಯಿಗೆ ಸೇವಾ ಪಿಂಚಣಿ ಬರಬೇಕಾದರೆ ಹದಿನೈದು ವರ್ಷಗಳ ಸೇವೆ ಆಗಿರಬೇಕು. ಮನೆಯ ಕಷ್ಟಕ್ಕಾಗಿ ಮೊದಲೇ ಬಿಡುಗಡೆ ಕೇಳಿ ಬಂದವರಿಗೆ ಪಿಂಚಣಿಯೂ ಇಲ್ಲ, ಇ.ಸಿ.ಎಚ್.ಎಸ್. ಕೂಡ ಇಲ್ಲ. 2019ರ ಮಾರ್ಚಿಯಲ್ಲಿ ಸರ್ಕಾರವು ಎರಡನೆಯ ಮಹಾಯುದ್ಧದ ಯೋಧರು, ತುರ್ತು ಕಾಲದಲ್ಲಿಯೂ ಅಲ್ಪಾವಧಿಗೂ ನೇಮಕವಾದ ಅಧಿಕಾರಿಗಳು, ಅವಧಿಗೆ ಮುನ್ನ ನಿವೃತ್ತರಾದವರು ಇವರಿಗೆ ಬಾಗಿಲನ್ನು ತೆರೆಯಿತು. ಆದರೂ ಹೊರಗುಳಿದ ಸಾಮಾನ್ಯ ಸಿಪಾಯಿಗಳುಂಟು. ಅಂಥವರು ಎಪ್ಪತ್ತು ತುಂಬಿದೊಡನೆ ಹೊಸ ಕಾರ್ಡಿಗೆ ನೇರವಾಗಿ ಅರ್ಹರು; ಬಿಡಬೇಕಾದುದು ಅವರಿಗೆ ಏನೂ ಇಲ್ಲ. 2022ರಿಂದ ನಾಲ್ಕು ವರ್ಷಗಳ ಅವಧಿಗೆ ಸೇರುತ್ತಿರುವ ಅಗ್ನಿವೀರರಿಗೂ ಪಿಂಚಣಿಯಾಗಲಿ ಇ.ಸಿ.ಎಚ್.ಎಸ್. ಆಗಲಿ ಇಲ್ಲ. ಕಾಯಂ ಸೇವೆಗೆ ಆಯ್ಕೆಯಾಗದೆ ಊರಿಗೆ ಬರುವ ಆ ಹುಡುಗರಿಗೆ ಮುಂದೆ ಮುಪ್ಪಿನಲ್ಲಿ ಸಾರ್ವಜನಿಕ ಯೋಜನೆಯೇ ಆಧಾರವಾಗಬೇಕು. ಇಂದಿನ ತಂದೆತಾಯಿಗಳು ಇದನ್ನು ಮನಸ್ಸಿನಲ್ಲಿಟ್ಟು ಅವರ ಉಳಿತಾಯವನ್ನು ಏರ್ಪಡಿಸುವುದು ಲೇಸು.

ಕರ್ನಾಟಕದ ಮನೆಗಳವರು ಇನ್ನೊಂದು ಮಾತನ್ನು ತಿಳಿದಿರಬೇಕು. ನಮ್ಮಲ್ಲಿ ಆಯುಷ್ಮಾನ್ ಯೋಜನೆಯು 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯೊಡನೆ ಕೂಡಿಹೋಯಿತು. ಬಡತನದ ರೇಖೆಗಿಂತ ಕೆಳಗಿನ ಕಾರ್ಡುಳ್ಳ ಕುಟುಂಬಗಳಿಗೆ 5 ಲಕ್ಷದವರೆಗೆ ಪೂರ್ಣ ರಕ್ಷಣೆಯನ್ನೂ, ಮೇಲಿನವರಿಗೆ ಗೊತ್ತಾದ ದರದ ನೂರಕ್ಕೆ 30ರಂತೆ ವರ್ಷಕ್ಕೆ 1.5 ಲಕ್ಷದವರೆಗೆ ನೆರವನ್ನೂ ಕೊಡುವಂತೆ ಆಗ ಏರ್ಪಾಡಾಯಿತು. ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಚೀಟಿ ಪಡೆದು ಮುಂದೆ ಹೋಗುವುದು ಇದರ ಕ್ರಮ. ಎಪ್ಪತ್ತು ದಾಟಿದವರ ಯೋಜನೆಯ ಖರ್ಚನ್ನು ಕೇಂದ್ರವೂ ರಾಜ್ಯವೂ ನೂರಕ್ಕೆ 60 ಮತ್ತು 40ರಂತೆ ಹಂಚಿಕೊಳ್ಳಬೇಕು. ಆದುದರಿಂದ ರಾಜ್ಯ ಸರ್ಕಾರದ ಕೈಯೂ ಸೇರಿದ ಹೊರತು ಅದು ಪೂರ್ಣವಾಗಿ ನಡೆಯದು. ಕಾರ್ಡು ಕೈಗೆ ಬಂದ ಮಾತ್ರಕ್ಕೆ ಆಸ್ಪತ್ರೆಯ ಬಾಗಿಲು ತೆರೆಯಿತೆಂದು ತಿಳಿಯಬಾರದು. ನೀವು ಹೋಗಬೇಕೆಂದಿರುವ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಂಡು, “ಈ ಕಾರ್ಡನ್ನು ಇಲ್ಲಿ ಈಗ ಅಂಗೀಕರಿಸುವಿರಾ? ಈ ರೋಗಕ್ಕೆ ಅಂಗೀಕರಿಸುವಿರಾ?” ಎಂಬ ಎರಡು ಪ್ರಶ್ನೆಗಳನ್ನು ಆರೋಗ್ಯದಿಂದಿರುವಾಗಲೇ ಕೇಳಿ ತಿಳಿಯಬೇಕು. 14555 ಎಂಬ ಸಂಖ್ಯೆಗೆ ದೂರವಾಣಿ ಮಾಡಿಯೂ ವಿಚಾರಿಸಬಹುದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಡಬಾರದು.

ಬೇರೆ ದೇಶದವರು ಈ ತೊಡಕನ್ನು ಹೇಗೆ ಬಿಡಿಸಿಕೊಂಡಿರುವರೆಂದು ವಾಚಕರಿಗೆ ಕುತೂಹಲವಾಗಬಹುದು. ಅಮೆರಿಕದಲ್ಲಿ ಮಾಜಿ ಯೋಧರಿಗಾಗಿ ಸರ್ಕಾರವೇ ನಡೆಸುವ ಆಸ್ಪತ್ರೆಗಳಿವೆ. 65 ತುಂಬಿದವರಿಗಾಗಿ 1965ರ ಕಾನೂನಿನಿಂದ ಹುಟ್ಟಿದ ಮೆಡಿಕೇರ್ ಎಂಬ ವಿಮೆಯೂ ಇದೆ. ಅಲ್ಲಿ ಯೋಧನು ಎರಡನ್ನೂ ಹಿಡಿಯಬಹುದು. ಆದರೆ ಅವೆರಡೂ ಒಂದಕ್ಕೊಂದು ಬೆರೆಯವು. ಯೋಧರ ಆಸ್ಪತ್ರೆಯ ಖರ್ಚನ್ನು ಮೆಡಿಕೇರ್ ಕೊಡದು. ಹೊರಗಿನ ಆಸ್ಪತ್ರೆಯ ಖರ್ಚನ್ನು, ಮೊದಲೇ ಅನುಮತಿಯಿದ್ದ ಹೊರತು, ಯೋಧರ ಇಲಾಖೆ ಕೊಡದು. ಯೋಧರ ಆಸ್ಪತ್ರೆಯಿದೆಯೆಂಬ ಧೈರ್ಯದಿಂದ ಮೆಡಿಕೇರಿನ ವೈದ್ಯಕೀಯ ಭಾಗಕ್ಕೆ ಕಾಲದಲ್ಲಿ ಸೇರದವನು, ತಡಮಾಡಿದ ಪ್ರತಿ ಹನ್ನೆರಡು ತಿಂಗಳಿಗೂ ನೂರಕ್ಕೆ 10ರಂತೆ ಹೆಚ್ಚಿನ ಕಂತನ್ನು ಆ ವಿಮೆಯಲ್ಲಿ ಇರುವವರೆಗೂ ತೆರಬೇಕು. ಪೂರ್ಣಾವಧಿ ಸೇವೆ ಮಾಡಿ ನಿವೃತ್ತರಾದವರಿಗೆ ಮಾತ್ರ 2001ರಿಂದ ಒಂದು ಕೂಡು ಏರ್ಪಾಡಿದೆ: ಮೊದಲು ಮೆಡಿಕೇರ್ ಹಣ ಕೊಡುವುದು, ಉಳಿದುದನ್ನು ಸೈನ್ಯದ ವಿಮೆ ತುಂಬುವುದು. ಅಲ್ಲಿಯವರು ಎರಡನೆಯದನ್ನು ಹಿಡಿಯದೆ ಕೆಡುವರು. ನಮ್ಮವರು ವಿಚಾರಿಸದೆ ಮೊದಲನೆಯದನ್ನು ಬಿಟ್ಟು ಕೆಡುವ ಸಂಭವವಿದೆ. ದಾರಿ ಬೇರೆಯಾದರೂ ಕಾರಣ ಒಂದೇ: ನಿಯಮವನ್ನು ಓದದಿರುವುದು.

ಈ ವಿಷಯದಲ್ಲಿ ಗೃಹಸ್ಥರು ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಮನೆಯಲ್ಲಿರುವ ಪ್ರತಿಯೊಬ್ಬ ವೃದ್ಧರ ಹೆಸರನ್ನೂ ಒಂದು ಕಾಗದದಲ್ಲಿ ಬರೆದು, ಅವರವರ ಎದುರಿಗೆ ಹುಟ್ಟಿದ ವರ್ಷ, ಈಗಿರುವ ಆಶ್ರಯ, ನಿತ್ಯದ ಔಷಧ ಇವುಗಳನ್ನು ನಮೂದಿಸಬೇಕು. ಹಳೆಯ ಸೈನಿಕರಲ್ಲಿ ಡಿಸ್ಚಾರ್ಜ್ ಪುಸ್ತಕದ ಜನ್ಮದಿನ ಒಂದು, ಆಧಾರಿನದು ಇನ್ನೊಂದು ಇರುವುದುಂಟು. ಹೊಸ ಯೋಜನೆಯು ಆಧಾರನ್ನೂ, ಹಳೆಯದು ಸೈನ್ಯದ ದಾಖಲೆಗಳನ್ನೂ ಪಿಂಚಣಿಯ ಆಜ್ಞೆಯನ್ನೂ ನಂಬುವುದರಿಂದ, ಇವೆರಡನ್ನೂ ಒಂದುಮಾಡಿಸಿ ಇಡಬೇಕು. ಪತ್ನಿಯ ಹೆಸರು ದಾಖಲೆಯಲ್ಲಿ ಸರಿಯಾಗಿದೆಯೆ ಎಂದು ಯಜಮಾನನು ಬದುಕಿರುವಾಗಲೇ ನೋಡಬೇಕು. ಆಮೇಲೆ ಅದನ್ನು ತಿದ್ದಿಸಲು ಆಕೆ ಒಬ್ಬಳೇ ಅಲೆಯಬೇಕಾಗುವುದು. ಸಂದೇಹ ಬಂದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬಹುದು. ಹೊಸ ಕಾರ್ಡಿಗೆ ಅರ್ಜಿ ಹಾಕುವಾಗ ಹಳೆಯ ಯೋಜನೆಯಲ್ಲಿರುವ ಸಂಗತಿಯನ್ನು ಮುಚ್ಚಿಡಬಾರದು. ಮುಚ್ಚಿಟ್ಟು ಪಡೆದ ಕಾರ್ಡು, ರೋಗಿಯನ್ನು ಮಂಚದ ಮೇಲೆ ಮಲಗಿಸಿದ ಹೊತ್ತಿನಲ್ಲಿ ಕೈಕೊಟ್ಟರೆ ದೂರುವುದಕ್ಕೆ ಮುಖವಿರದು.

ಇಷ್ಟೆಲ್ಲ ಮಾತನಾಡಿ ಮುಗಿಯುವಷ್ಟರಲ್ಲಿ ನೆರೆಮನೆಯಲ್ಲಿ ದೀಪ ಹಚ್ಚಿದ್ದರು. ಹವಾಲ್ದಾರರು ತಮ್ಮ ಹಳೆಯ ಕಾರ್ಡನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು, “ಇದೇ ಇರಲಿ” ಎಂದರು. ಅವರ ಪತ್ನಿಯ ಮುಖದಲ್ಲಿ ನೆಮ್ಮದಿ ಕಾಣಿಸಿತು. ಮೊಮ್ಮಗನಿಗೆ ಮಾತ್ರ ತನ್ನ ಶ್ರಮ ವ್ಯರ್ಥವಾಯಿತೆಂದು ಸ್ವಲ್ಪ ಬೇಸರವಾಯಿತು. ಆಗ ನಾವು, ಮನೆಯ ವೃದ್ಧರ ಹೆಸರುಗಳನ್ನು ಬರೆಯುತ್ತಿದ್ದ ಕಾಗದವನ್ನು ಅವನ ಕೈಗೆ ಕೊಟ್ಟು, “ಇನ್ನು ಯಾರಾದರೂ ಉಳಿದಿದ್ದಾರೆಯೆ ನೋಡು” ಎಂದೆವು. ಅವನು ಸುತ್ತಲೂ ನೋಡಿದನು. ನಡುಮನೆಯ ಮೂಲೆಯಲ್ಲಿ, ಕಂಬಕ್ಕೆ ಒರಗಿಕೊಂಡು, ಅಷ್ಟು ಹೊತ್ತೂ ಒಂದು ಮಾತನ್ನೂ ಆಡದೆ ಬತ್ತಿ ಹೊಸೆಯುತ್ತಿದ್ದವರು ಅವನ ಅಜ್ಜಿಯ ತಾಯಿ. ಎಂಬತ್ತನಾಲ್ಕು ವರ್ಷದ ಆ ವೃದ್ಧೆ ಗಂಡುಮಕ್ಕಳಿಲ್ಲದ ಕಾರಣ ಮಗಳ ಮನೆಯಲ್ಲಿಯೇ ಇರುವರು. ಹವಾಲ್ದಾರರ ಅತ್ತೆಯಾದುದರಿಂದ ಅವರಿಗೆ ಸೈನ್ಯದ ಕಾರ್ಡು ಇಲ್ಲ, ಪಿಂಚಣಿ ಇಲ್ಲ, ಯಾವ ವಿಮೆಯೂ ಇಲ್ಲ. ಹೊಸ ಕೊಡೆಯ ಮಾತು ಗಂಟೆಗಟ್ಟಲೆ ನಡೆದಿದ್ದರೂ, ಅದು ನಿಜವಾಗಿ ಬೇಕಾಗಿದ್ದವರು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

“ಮುತ್ತಜ್ಜಿ, ನಿಮ್ಮ ಆಧಾರ್ ಎಲ್ಲಿದೆ?” ಎಂದು ಹುಡುಗನು ಹತ್ತಿರ ಹೋಗಿ ಕುಳಿತನು. “ನನಗ್ಯಾಕಪ್ಪ ಅದೆಲ್ಲ, ಇನ್ನೆಷ್ಟು ದಿನ!” ಎಂದು ಆಕೆ ನಕ್ಕರು, ಆದರೂ ಸೆರಗಿನ ಗಂಟಿನಿಂದ ಬೀಗದ ಕೈಯನ್ನು ಬಿಚ್ಚಿ ಅವನಿಗೆ ಕೊಟ್ಟರು. ಮರುದಿನ ಬೆಳಿಗ್ಗೆಯೇ ಅವನು ತಾಲ್ಲೂಕು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು ವಿಚಾರಿಸಲು ಹೊರಟನು.

ಒಬ್ಬ ವ್ಯಕ್ತಿಗೆ ಎರಡು ಕೊಡೆ ಸಲ್ಲವು. ಒಂದು ಮನೆಗೆ ಎರಡೂ ಸಲ್ಲಬಹುದು. ಇದೇ ನಾವು ಆ ಸಂಜೆ ಕಲಿತ ಪಾಠ. ವಾಚಕರು ತಮ್ಮ ತಮ್ಮ ಮನೆಗಳಲ್ಲಿ ಇಂದೇ ಆ ಕಾಗದವನ್ನು ಬರೆಯಲಿ; ಬರೆಯುವಾಗ ಗಟ್ಟಿಯಾಗಿ ಮಾತನಾಡುವವರ ಹೆಸರಿನ ಜೊತೆಗೆ, ಮೂಲೆಯಲ್ಲಿ ಕುಳಿತು ಬತ್ತಿ ಹೊಸೆಯುವವರ ಹೆಸರನ್ನೂ ಮರೆಯದಿರಲಿ.